ನಗದಣ್ಣನ ಮೊದಲ ಸಾಲ

ನಮ್ಮ ಬೀದಿಯಲ್ಲಿ ಸಾಲ ಮಾಡದವನು ಒಬ್ಬನೇ ಇದ್ದ. ಉಳಿದವರೆಲ್ಲ ಮರ್ಯಾದಸ್ಥರು. ಒಬ್ಬರ ಹತ್ತಿರ ಇಸಿದುಕೊಂಡು, ಇನ್ನೊಬ್ಬರಿಗೆ ಕೊಟ್ಟು, ಮೂರನೆಯವರಿಗೆ ಬರುವ ವಾರ ಎಂದು ಹೇಳಿ, ಬೀದಿಯ ಒಗ್ಗಟ್ಟನ್ನು ಕಾಪಾಡಿಕೊಂಡು ಬಂದವರು. ಈತ ಮಾತ್ರ ಬೆಂಕಿಪೊಟ್ಟಣ ಕೊಂಡರೂ ಚಿಲ್ಲರೆ ಎಣಿಸಿ ಮೊದಲು ಇಟ್ಟು, ಆಮೇಲೆ ಪೊಟ್ಟಣ ಮುಟ್ಟುತ್ತಿದ್ದ. ಹಾಗಾಗಿ ನಗದಣ್ಣ ಎಂದೇ ಹೆಸರಾಯಿತು. ಬೇರೆ ಹೆಸರೂ ಇದ್ದೀತು. ಅವನ ಹೆಂಡತಿಗಾದರೂ ಗೊತ್ತಿರಬಹುದು.

ಸಾಲ ಮಾಡದಿರುವುದು ಅಂಥ ದೊಡ್ಡ ತಪ್ಪೇನಲ್ಲ, ಕ್ಷಮಿಸಬಹುದು. ಆದರೆ ಅದನ್ನು ಹೇಳಿಕೊಂಡು ತಿರುಗುತ್ತಿದ್ದ ನೋಡಿ, ಅದು ನಮ್ಮ ಹೊಟ್ಟೆ ಉರಿಸುತ್ತಿತ್ತು. "ಟೈಮೆಷ್ಟು ನಗದಣ್ಣ?" ಎಂದು ಕೇಳಿದರೆ, "ಐದೂಕಾಲು. ಏನೇ ಹೇಳಿ, ನಾನು ಯಾರಿಗೂ ಬಿಡಿಗಾಸು ಕೊಡಬೇಕಾಗಿಲ್ಲ" ಎನ್ನುತ್ತಿದ್ದ. ಐದೂಕಾಲಿಗೂ ಬಿಡಿಗಾಸಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮಗಿರಲಿಲ್ಲ, ಏಕೆಂದರೆ ಕೇಳಿದವನು ಎಷ್ಟು ಜನಕ್ಕೆ ಕೊಡಬೇಕು ಎಂಬ ವಿಷಯ ಬರುತ್ತಿತ್ತು.

ಅವನ ಕೆಲಸ ಬೆತ್ತದ ಕುರ್ಚಿಗಳಿಗೆ ಕೂರುವ ಜಾಗ ಹೆಣೆಯುವುದು. ಮುಂದಿನ ಕೋಣೆಯೇ ಕಾರ್ಖಾನೆ. ಒಂದು ಮೂಲೆಯಲ್ಲಿ ಬೆತ್ತದ ಪಟ್ಟಿಗಳನ್ನು ನೆನೆಹಾಕಿದ ತೊಟ್ಟಿ, ಪಕ್ಕದಲ್ಲಿ ದಬ್ಬಳ, ಕತ್ತರಿ, ರಂಧ್ರಕ್ಕೆ ಸಿಕ್ಕಿಸುವ ಚಿಕ್ಕ ಗೂಟಗಳು. ಮಿಕ್ಕ ಜಾಗದಲ್ಲೆಲ್ಲ ಕುರ್ಚಿಗಳು, ಒಂದರ ಮೇಲೊಂದು, ಸೂರಿನ ತನಕ. ಎಲ್ಲವೂ ಹೆಣೆದು ಮುಗಿದವು, ಎಲ್ಲವೂ ಬೀದಿಯವರವು. ಬಿಡಿಸಿಕೊಂಡು ಹೋಗಬೇಕೆಂದರೆ ಕೂಲಿ ಕೊಡಬೇಕಲ್ಲ, ಅದಕ್ಕೇ ಯಾರೂ ಬರುತ್ತಿರಲಿಲ್ಲ. ನಿವೃತ್ತ ಮೇಷ್ಟ್ರ ಆರಾಮಕುರ್ಚಿ ಅಲ್ಲಿ ಏಳು ವರ್ಷದಿಂದ ಆರಾಮವಾಗಿತ್ತು. ನನ್ನದೂ ಒಂದು ಇತ್ತು ಎಂಬುದು ಈ ಕಥೆಗೆ ಸಂಬಂಧವಿಲ್ಲದ ವಿಷಯ.

ಇಷ್ಟು ಕುರ್ಚಿಗಳಿದ್ದರೂ ನಗದಣ್ಣನ ಮನೆಯಲ್ಲಿ ಕೂರಲು ಒಂದು ಕುರ್ಚಿ ಇರಲಿಲ್ಲ. ಅವನು ಕೂರುತ್ತಿದ್ದದ್ದು ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ, ಹೆಂಡತಿ ಟ್ರಂಕಿನ ಮೇಲೆ. "ಬೇರೆಯವರ ಕುರ್ಚಿ ಮೇಲೆ ಕೂತ್ರೆ ಅಷ್ಟು ಹೊತ್ತು ಅವರ ಋಣದಲ್ಲಿ ಇದ್ದಂಗೆ" ಎಂಬುದು ಅವನ ವಾದ. ಯಾರ ಮನೆಗೆ ಹೋದರೂ ನಿಂತೇ ಮಾತಾಡುತ್ತಿದ್ದ. ಮೂವತ್ತು ವರ್ಷ ಊರಿಗೆಲ್ಲ ಕೂರಲು ಜಾಗ ಹೆಣೆದವನು ತಾನು ಹೆಣೆದದ್ದರ ಮೇಲೆ ಒಂದು ದಿನವೂ ಕೂತವನಲ್ಲ.

ಈ ನಡುವೆ ಅವನ ಹೊಟ್ಟೆಪಾಡಿಗೆ ಸಂಚಕಾರ ಬಂತು. ತಂದವನು ಬೇರೆ ಯಾರೂ ಅಲ್ಲ, ಅವನ ಭಾವಮೈದ. ಹೆಂಡತಿಯ ಈ ತಮ್ಮ ಪೇಟೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಅಂಗಡಿ ಇಟ್ಟಿದ್ದ. ಹೊಸ ಬೆತ್ತದ ಕೆಲಸ ಬರುವುದೇ ನಿಂತುಹೋಯಿತು. ಭಾವಮೈದ ತಿಂಗಳಿಗೊಮ್ಮೆ ಬಂದು, ಟ್ರಂಕಿನ ಮೇಲೆ ಅಕ್ಕನ ಪಕ್ಕ ಕೂತು, "ಭಾವ, ಸುಮ್ನೆ ನನ್ನ ಅಂಗಡಿಗೆ ಬಂದ್ಬಿಡಿ. ಗಿರಾಕಿ ಬಂದ್ರೆ ಕುರ್ಚಿ ಮೇಲೆ ನಿಂತು ಕುಣಿದು ತೋರಿಸೋದಷ್ಟೇ ಕೆಲಸ. ಗಟ್ಟಿ ಇದೆ ಅಂತ ಗೊತ್ತಾಗಬೇಕಲ್ಲ. ಟೊಪ್ಪಿನೂ ಕೊಡ್ತೀನಿ" ಎನ್ನುತ್ತಿದ್ದ. ಟೊಪ್ಪಿ ಹಸಿರು ಬಣ್ಣದ್ದು. ಅದರ ಮೇಲೆ ಕುರ್ಚಿಯ ಚಿತ್ರ. ಅದನ್ನು ನೆನೆಸಿಕೊಂಡರೆ ನಗದಣ್ಣನಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಊರಿನ ದೊಡ್ಡ ಗ್ರಂಥಾಲಯದವರು ತಮ್ಮ ಇನ್ನೂರು ಬೆತ್ತದ ಕುರ್ಚಿಗಳನ್ನು ಹೊಸದಾಗಿ ಹೆಣೆಸಬೇಕೆಂದು ತೀರ್ಮಾನಿಸಿದರು. ಎರಡು ವರ್ಷದ ಕೆಲಸ. ಸಿಕ್ಕರೆ ನಗದಣ್ಣ ಬದುಕಿದ, ಸಿಗದಿದ್ದರೆ ಟೊಪ್ಪಿ. ಷರತ್ತು ಒಂದೇ: ಕೆಲಸ ಅರ್ಧಕ್ಕೆ ಕೆಟ್ಟರೆ ನಷ್ಟ ಕಟ್ಟಿಕೊಡುವ ತಾಕತ್ತು ಇರಬೇಕು. ಸಾಲ ಬಿದ್ದರೆ ತೀರಿಸಬಲ್ಲ ಮನುಷ್ಯ ಎಂದು ಕಂದಾಯ ಕಚೇರಿಯಿಂದ ಸಾಲ್ವೆನ್ಸಿ ಸರ್ಟಿಫಿಕೇಟ್ ತರಬೇಕು. ಶುಕ್ರವಾರ ಸಂಜೆ ಐದು ಗಂಟೆಯೊಳಗೆ.

"ಇಷ್ಟೇನಾ?" ಎಂದು ನಗದಣ್ಣ ನಕ್ಕ. ಆ ಸರ್ಟಿಫಿಕೇಟು ತನಗೆಂದೇ ಹುಟ್ಟಿದ್ದು ಎಂದು ಅವನ ನಂಬಿಕೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸೋಮವಾರವೇ ಕಂದಾಯ ಕಚೇರಿಗೆ ಹೋದ.

ಅಲ್ಲಿನ ಅಧಿಕಾರಿಗಳು ದಢೂತಿ ಮನುಷ್ಯ, ಮಾತು ಮೆತ್ತಗೆ. ಕೂರಿ ಎಂದರು. ನಗದಣ್ಣ ಸರ್ಕಾರದ ಕುರ್ಚಿಯನ್ನೊಮ್ಮೆ ನೋಡಿ, ನಿಂತೇ ಇದ್ದ.

"ಎಷ್ಟು ಸಾಲ ಇದೆ ನಿಮಗೆ?"

ಈ ಪ್ರಶ್ನೆಗಾಗಿ ನಗದಣ್ಣ ಜೀವಮಾನವಿಡೀ ಕಾದಿದ್ದ. ಎದೆ ಮುಂದೆ ಮಾಡಿ, "ಬಿಡಿಗಾಸೂ ಇಲ್ಲ ಸ್ವಾಮಿ" ಎಂದ.

"ಹಿಂದೆ ಯಾವಾಗ್ಲಾದ್ರೂ ಮಾಡಿದ್ರಾ?"

"ಹುಟ್ಟಿದಾಗಿನಿಂದ ಇಲ್ಲ."

ಅಧಿಕಾರಿಗಳು ಪೆನ್ನು ಕೆಳಗಿಟ್ಟರು. ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆಯುವ ಡಾಕ್ಟರ ಮುಖ ಮಾಡಿಕೊಂಡು, "ಹಾಗಾದ್ರೆ ಕಷ್ಟ" ಎಂದರು.

"ಕಷ್ಟ ಯಾಕೆ ಸ್ವಾಮಿ?"

"ಸಾಲ ತೀರಿಸೋ ತಾಕತ್ತಿದೆ ಅಂತ ನಾನು ಬರ್ಕೊಡಬೇಕು. ನೀವು ಒಂದು ಸಾಲಾನೂ ತೀರಿಸಿಲ್ಲ."

"ಮಾಡಿದ್ರೆ ತಾನೇ ತೀರಿಸೋದು?"

"ಅದನ್ನೇ ನಾನೂ ಹೇಳ್ತಿರೋದು. ಈಜು ಬರುತ್ತಾ ಅಂತ ಕೇಳಿದ್ರೆ, ನಾನು ನೀರಿಗೇ ಇಳಿದಿಲ್ಲ ಸ್ವಾಮಿ ಅಂತ ಎದೆ ತಟ್ಕೊಂಡ್ರೆ ಹೇಗೆ?"

"ನಾನು ಮುಳುಗಿಲ್ವಲ್ಲ!"

"ಮುಳುಗೋದಕ್ಕೆ ನೀವು ಅವಕಾಶಾನೇ ಕೊಟ್ಟಿಲ್ಲ" ಎಂದು ಅಧಿಕಾರಿಗಳು ಬಾಗಿಲ ಕಡೆ ಕೈ ತೋರಿಸಿದರು. "ಹೊರಗಡೆ ಬೆಂಚಿನ ಮೇಲೆ ಕೂತಿದ್ದಾರಲ್ಲ, ಅವರನ್ನ ನೋಡಿ. ಹನ್ನೊಂದು ಸಾಲ ಮಾಡಿದ್ದಾರೆ, ಒಂಬತ್ತು ತೀರಿಸಿದ್ದಾರೆ. ಫೈಲು ಇಷ್ಟು ದಪ್ಪ. ಓದ್ತಾ ಇದ್ರೆ ಕಣ್ಣು ತುಂಬಿ ಬರುತ್ತೆ. ನಿಮ್ಮ ಫೈಲಲ್ಲಿ ಏನಿದೆ? ಗಾಳಿ."

ನಗದಣ್ಣ ಬೆಂಚಿನ ಮೇಲಿನ ಮಹನೀಯರನ್ನು ನೋಡಿದ. ಅವರು ಗೌರವದಿಂದ ತಲೆಯಾಡಿಸಿದರು. ಜೀವನದಲ್ಲಿ ಮೊದಲ ಸಲ ಅವನಿಗೆ ತಾನು ಏನೂ ಮಾಡದೆ ವಯಸ್ಸಾದೆ ಅನ್ನಿಸಿತು.

ಕೊನೆಗೆ ಅಧಿಕಾರಿಗಳು ಕನಿಕರಪಟ್ಟು ದಾರಿ ಹೇಳಿದರು. ಯಾರಾದರೂ ಒಬ್ಬರು ಬಂದು, ನಾನು ಇವರಿಗೆ ಸಾಲ ಕೊಟ್ಟಿದ್ದೆ, ಇವರು ವಾಪಸು ಕೊಟ್ಟರು ಎಂದು ಹೇಳಿದರೆ ಸಾಕು. ಜೊತೆಗೆ ಮನೆಯಲ್ಲಿರುವ ಸಾಮಾನು ಸರಂಜಾಮು ನೋಡಿ ಬೆಲೆ ಕಟ್ಟಲು ಗುರುವಾರ ತಾವೇ ಬರುವುದಾಗಿ ಹೇಳಿದರು.

ಮನೆಗೆ ಬಂದು ನಗದಣ್ಣ ಪೆಟ್ಟಿಗೆಯ ಮೇಲೆ ಕುಸಿದ. ವಿಷಯ ಕೇಳಿದ ಹೆಂಡತಿ ಕುರ್ಚಿಗಳ ಗುಡ್ಡೆ ನೋಡುತ್ತ, "ಗುರುವಾರ ಅವರು ಬಂದಾಗ ಇವೆಲ್ಲ ಇಲ್ಲೇ ಇರ್ತಾವಲ್ಲ. ಯಾರದ್ದು ಅಂತ ನೀವು ಹೇಳೋಕೆ ಹೋಗ್ಬೇಡಿ" ಎಂದಳು.

"ಸುಳ್ಳು ಹೇಳು ಅಂತೀಯಾ?"

"ಹೇಳ್ಬೇಡಿ ಅಂತಿದೀನಿ. ಹೇಳದೇ ಇರೋದು ಸುಳ್ಳು ಹೇಗಾಗುತ್ತೆ ರೀ?"

ನಗದಣ್ಣ ತುಂಬ ಹೊತ್ತು ತಲೆ ಕೆರೆದುಕೊಂಡ. ಕಣ್ಣ ಮುಂದೆ ಹಸಿರು ಟೊಪ್ಪಿ ತೇಲಿತು. "ಕೇಳಿದ್ರೆ ಹೇಳ್ತೀನಿ. ಕೇಳದಿದ್ರೆ ಕೆಮ್ಮುತ್ತೀನಿ" ಎಂದು ಒಪ್ಪಿಕೊಂಡ.

ಇನ್ನು ಉಳಿದದ್ದು ಸಾಲ. ಅದನ್ನು ಕೇಳುವುದು ಹೇಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಟ್ರಂಕಿನ ಮೇಲೆ ಅಂಗಡಿಯವನಂತೆ ಕೂತು ಅಭ್ಯಾಸ ಮಾಡಿಸಿದಳು. "ಹಾಗೆ ಎದೆ ಉಬ್ಬಿಸ್ಕೊಂಡು ನಿಲ್ಬೇಡಿ ರೀ. ವಸೂಲಿಗೆ ಬಂದಂಗಿದೆ. ಸ್ವಲ್ಪ ಬಗ್ಗಿ. ಅಷ್ಟು ಬೇಡ, ಏನೋ ಬಿದ್ದಿದ್ದು ಹುಡುಕ್ತಿರೋ ಹಾಗೆ ಕಾಣ್ತೀರಿ."

ಮಂಗಳವಾರ ಬೆಳಗ್ಗೆ, ಅಂದಾಜು ಅಷ್ಟೇ ಬಗ್ಗಿಕೊಂಡು, ನಗದಣ್ಣ ದಿನಸಿ ಅಂಗಡಿಗೆ ಹೋದ. ಬೀದಿಗೆಲ್ಲ ಸಾಲ ಕೊಡುವವನು ಈ ಅಂಗಡಿಯವನೇ. ಅಂಗಡಿಯಲ್ಲಿ ಮೇಷ್ಟ್ರೂ ಇದ್ದರು.

"ಅಂಗಡಿಯವರೇ, ನನಗೊಂದು ನೂರು ಸಾಲ ಬೇಕಿತ್ತು."

ಅಂಗಡಿಯವನ ಕೈಯಲ್ಲಿದ್ದ ತೂಕದ ಬಟ್ಟು ಸಕ್ಕರೆಯೊಳಗೆ ಬಿತ್ತು. "ಯಾರಿಗೆ?"

"ನನಗೇ."

"ನಿಮಗೆ? ನಗದಣ್ಣ, ಮನೇಲಿ ಎಲ್ಲ ಆರೋಗ್ಯ ತಾನೇ?"

"ಎಲ್ಲ ಚೆನ್ನಾಗಿದೀವಿ. ದುಡ್ಡೂ ಇದೆ, ನೋಡಿ" ಎಂದು ನಗದಣ್ಣ ಜೇಬಿನಿಂದ ನೋಟು ತೆಗೆದು ತೋರಿಸಿದ.

"ದುಡ್ಡಿದ್ರೆ ಸಾಲ ಯಾಕೆ?"

"ನಾಳೆ ನಿಮಗೆ ವಾಪಸ್ ಕೊಡೋದಕ್ಕೆ."

"ವಾಪಸ್ ಕೊಡೋದಕ್ಕೇ ತಗೊಳ್ಳೋದಾ?"

"ಹೌದು. ಬೇರೆ ಏನೂ ಉಪಯೋಗ ಇಲ್ಲ ಅದರಿಂದ."

ಅಂಗಡಿಯವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷದ ಅನುಭವದಲ್ಲಿ ಅಂಗಡಿಯವನು ನಾನಾ ಕಾರಣ ಕೇಳಿದ್ದ: ಮದುವೆ, ಜ್ವರ, ಸೋರುವ ಸೂರು. ವಾಪಸು ಕೊಡಲಿಕ್ಕೆಂದೇ ಸಾಲ ಕೇಳಿದವರು ಯಾರೂ ಇರಲಿಲ್ಲ. ಅವನ ತಲೆಗೆ ಒಂದೇ ಹೊಳೆಯಿತು: ದುಡ್ಡಿನ ಹೊಡೆತ ಎಲ್ಲೋ ಜೋರಾಗಿ ಬಿದ್ದಿದೆ, ಬಿದ್ದ ರಭಸಕ್ಕೆ ಬುದ್ಧಿ ಪಲ್ಲಟವಾಗಿದೆ. "ಇವತ್ತು ಬೋಣಿ ಆಗಿಲ್ಲ ನಗದಣ್ಣ" ಎಂದು ಕೈಮುಗಿದ. ಹೋಗುವಾಗ ನಗದಣ್ಣ ಒಂದು ಸೋಪು ಕೊಂಡ. ಅವನು ಕೊಟ್ಟ ನೋಟನ್ನು ಅಂಗಡಿಯವನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದ.

ಸಂಜೆಯ ಹೊತ್ತಿಗೆ ನಗದಣ್ಣ ದಿವಾಳಿಯಾಗಿದ್ದ. ಬೀದಿಯ ಆ ತುದಿಯಲ್ಲಿ ಅವನ ಸಾಲ ಹತ್ತು ಸಾವಿರ ಇತ್ತು. ಈ ತುದಿಗೆ ಬರುವಷ್ಟರಲ್ಲಿ ಎರಡು ಲಕ್ಷವಾಗಿ, ಜೊತೆಗೆ ಒಂದು ಕುದುರೆ ಜೂಜೂ ಸೇರಿಕೊಂಡಿತ್ತು. ಅವನು ಕುದುರೆಯನ್ನು ಕಂಡದ್ದು ಕ್ಯಾಲೆಂಡರಿನಲ್ಲಿ. ಕಂದಾಯ ಕಚೇರಿಯ ಅಧಿಕಾರಿ ಗುರುವಾರ ಬಂದು ಮನೆ ಸಾಮಾನೆಲ್ಲ ನೋಡುತ್ತಾರಂತೆ ಎಂಬ ಸುದ್ದಿಯೂ ಹೊರಬಿತ್ತು. ಅಧಿಕಾರಿ ಬಂದು ಸಾಮಾನು ನೋಡುವುದು ಯಾತಕ್ಕೆ? ಇಷ್ಟು ಅರ್ಥಮಾಡಿಕೊಳ್ಳಲಾರದ ದಡ್ಡರು ನಮ್ಮ ಬೀದಿಯಲ್ಲಿರಲಿಲ್ಲ.

"ಜಪ್ತಿ!" ಎಂದರು ಮೇಷ್ಟ್ರು. "ಮನೇಲಿರೋದನ್ನೆಲ್ಲ ಎತ್ಕೊಂಡು ಹೋಗಿ ಹರಾಜು ಹಾಕ್ತಾರೆ. ಯಾರದ್ದು ಅಂತ ಕೇಳೋ ಪದ್ಧತಿ ಇಲ್ಲ." ಆಮೇಲೆ ಗಾಬರಿಯಿಂದ, "ನನ್ನ ಆರಾಮಕುರ್ಚಿ!" ಎಂದರು.

ಬುಧವಾರ ಮಧ್ಯಾಹ್ನ ನಗದಣ್ಣ ಗುರುವಾರಕ್ಕೆ ತಯಾರಾಗಿ ಕೆಮ್ಮು ಅಭ್ಯಾಸ ಮಾಡುತ್ತಿದ್ದ. ಬಾಗಿಲು ತಟ್ಟಿದ ಸದ್ದಾಯಿತು. ಏಳು ವರ್ಷದಿಂದ ಈ ಕಡೆ ತಲೆ ಹಾಕದ ಮೇಷ್ಟ್ರು ಏದುಸಿರು ಬಿಡುತ್ತ ನಿಂತಿದ್ದರು. "ಎಲ್ಲಿ ನನ್ನ ಕುರ್ಚಿ? ತಗೊಂಡು ಹೋಗ್ತೀನಿ."

ಬೇರೆ ಯಾವ ದಿನವಾದರೂ ನಗದಣ್ಣ ಕುಣಿದು ಕೊಡುತ್ತಿದ್ದ. ಇವತ್ತು ಮುಖ ಬಿಳುಚಿಕೊಂಡಿತು. "ಇವತ್ತೇ ಯಾಕೆ ಮೇಷ್ಟ್ರೇ? ಏಳು ವರ್ಷ ಇತ್ತು, ಇನ್ನೊಂದು ದಿನ ಇರ್ಲಿ. ನಾಳೆ ಸಂಜೆ ನಾನೇ ಹೊತ್ಕೊಂಡು ಬಂದು ಕೊಡ್ತೀನಿ."

"ನಾಳೆ ಸಂಜೆ!" ಮೇಷ್ಟ್ರು ಬಾಗಿಲಾಚೆ ನಿಂತಿದ್ದ ನಮ್ಮ ಕಡೆ ತಿರುಗಿದರು. "ಕೇಳಿಸ್ತಾ? ನಾಳೆ ಸಂಜೆಯಂತೆ!"

ಅಲ್ಲಿಗೆ ಎಲ್ಲರ ಸಂಶಯವೂ ಪರಿಹಾರವಾಯಿತು. ನಮ್ಮ ಕುರ್ಚಿಗಳನ್ನು ಜಪ್ತಿಗೆ ಒಪ್ಪಿಸಿ ತಾನು ಪಾರಾಗುವ ಹುನ್ನಾರ! ಎದುರುಮನೆಯ ನರ್ಸಮ್ಮ ಸೆರಗು ಬಿಗಿದು ಒಳಗೆ ನುಗ್ಗಿದಳು. ದಿನಸಿ ಅಂಗಡಿಯವನು ಅಂಗಡಿಗೆ ಬೀಗ ಹಾಕಿಕೊಂಡೇ ಬಂದಿದ್ದ. ಅವನದು ಸೊಂಟದ ಅಳತೆಗೆಂದು ಬೇರೆಯಾಗಿ ಮಾಡಿಸಿದ ಅಗಲದ ಕುರ್ಚಿ, ಹರಾಜಿನಲ್ಲಿ ಯಾರ ಪಾಲಾದರೂ ಇಬ್ಬರು ಕೂರುತ್ತಿದ್ದರು. "ಒಂದೇ ಒಂದು ದಿನ ಬಿಟ್ಟುಕೊಡಿ, ನಿಮ್ಮ ದಮ್ಮಯ್ಯ" ಎಂದು ನಗದಣ್ಣ ಬೇಡಿಕೊಂಡಷ್ಟೂ ಜನಕ್ಕೆ ಆತುರ ಹೆಚ್ಚಾಯಿತು.

ಆದರೆ ತಲೆ ಹೋದರೂ ನಗದಣ್ಣ ನಗದಣ್ಣನೇ. ಒಂದು ಕೈಯಲ್ಲಿ ಕುರ್ಚಿಯ ಕಾಲು ಹಿಡಿದು ಅಳುಮುಖದಲ್ಲಿ "ಒಯ್ಯಬೇಡಿ" ಎನ್ನುತ್ತಲೇ, ಇನ್ನೊಂದು ಕೈ ಚಾಚಿ "ಕೂಲಿ ಕೊಡದೆ ಕುರ್ಚಿ ಹೊಸ್ತಿಲು ದಾಟಲ್ಲ" ಎನ್ನುತ್ತಿದ್ದ. ಜಗಳ ಮಾಡಲು ಯಾರಿಗೂ ಪುರಸೊತ್ತಿರಲಿಲ್ಲ. ಎಷ್ಟೋ ವರ್ಷದ ಬಾಕಿಯನ್ನು ಜನ ಶಾಪ ಹಾಕುತ್ತ ಕೈಗೆ ತುರುಕಿದರು. ಹೆಂಡತಿ ಬಿಸ್ಕತ್ತಿನ ಡಬ್ಬಿಯೊಂದನ್ನು ಹಿಡಿದು ಬಾಗಿಲಲ್ಲಿ ಕೂತಳು. ದೀಪ ಹಚ್ಚುವ ಹೊತ್ತಿಗೆ ಡಬ್ಬಿಯ ಮುಚ್ಚಳ ಹಾಕಲಾಗಲಿಲ್ಲ, ಕೋಣೆಯಲ್ಲಿ ತೊಟ್ಟಿ, ಪೆಟ್ಟಿಗೆ, ಟ್ರಂಕು ಬಿಟ್ಟರೆ ಏನೂ ಉಳಿಯಲಿಲ್ಲ. ಗೋಡೆಗೆ ಇಂಥ ಬಣ್ಣ ಇದೆ ಎಂಬುದು ಅವತ್ತೇ ಅವರಿಬ್ಬರಿಗೂ ಗೊತ್ತಾದದ್ದು.

"ಹಾಳಾಗ್ಹೋದೆ ಕಣೇ" ಎಂದು ನಗದಣ್ಣ ಡಬ್ಬಿ ತಬ್ಬಿಕೊಂಡು ಕೂತ.

ಸುದ್ದಿ ಪೇಟೆಗೂ ಮುಟ್ಟಿತ್ತು. ಭಾವಮೈದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ, ಒಂದು ಹಸಿರು ಟೊಪ್ಪಿ ಹಿಡಿದುಕೊಂಡು ಬಂದ. "ಭಾವ, ಧೈರ್ಯವಾಗಿರಿ. ಕುದುರೆ ಹಿಂದೆ ಹೋಗಿ ಕೆಟ್ಟವರು ನೀವೊಬ್ರೇ ಅಲ್ಲ. ಸೋಮವಾರದಿಂದ ಅಂಗಡಿಗೆ ಬನ್ನಿ" ಎಂದು ಟೊಪ್ಪಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಹೋದ.

ಗುರುವಾರ ಅಧಿಕಾರಿಗಳು ಬಂದಾಗ ಜಪ್ತಿ ನೋಡಲು ಇಡೀ ಬೀದಿ ನೆರೆದಿತ್ತು. ಕೆಲವರು ಅವರವರ ಕುರ್ಚಿ ತಂದು ಎದುರಿನ ಜಗಲಿಯ ಮೇಲೆ ಹಾಕಿಕೊಂಡು ಕೂತಿದ್ದರು. ಅಧಿಕಾರಿಗಳು ಬೋಳು ಕೋಣೆಯನ್ನು ಸುತ್ತ ನೋಡಿದರು.

"ಸಾಮಾನೆಲ್ಲಿ?"

ನಗದಣ್ಣ ಕೆಮ್ಮಿದ. ಆಮೇಲೆ ಕೆಮ್ಮುವ ಅಗತ್ಯವಿಲ್ಲ ಎಂದು ನೆನಪಾಗಿ ಡಬ್ಬಿ ಮುಂದಿಟ್ಟ.

"ಇದು ದುಡ್ಡು" ಎಂದರು ಅಧಿಕಾರಿಗಳು, ಯಾರೋ ಕೊಳೆತ ತರಕಾರಿ ತೋರಿಸಿದ ಹಾಗೆ. "ದುಡ್ಡನ್ನ ಹೇಗ್ರೀ ನಂಬೋದು? ಕುರ್ಚಿಗೆ ನಾಲ್ಕು ಕಾಲಿದ್ರೂ ನಿಂತ ಕಡೆ ನಿಂತಿರುತ್ತೆ. ದುಡ್ಡಿಗೆ ಒಂದು ಕಾಲೂ ಇಲ್ಲ, ನೋಡ್ತಾ ನೋಡ್ತಾ ಓಡುತ್ತೆ. ಹೋಗ್ಲಿ, ಅರ್ಧ ಬೆಲೆಗೆ ಹಿಡೀತೀನಿ. ನೂರಕ್ಕೆ ಐವತ್ತು."

ಇಷ್ಟು ಹೇಳಿ ಅವರು ಕೆಂಪು ಕುರ್ಚಿಯ ಮೇಲೆ ಕೂತರು. ಅದು ಮೊದಲು ನಿಟ್ಟುಸಿರು ಬಿಟ್ಟಿತು. ಆಮೇಲೆ ಅದರ ನಾಲ್ಕೂ ಕಾಲುಗಳು ಅವಸರವಿಲ್ಲದೆ ನಾಲ್ಕು ದಿಕ್ಕಿಗೆ ಹೊರಟವು. ಅಧಿಕಾರಿಗಳು ಕಾಗದ ಪತ್ರ ಸಮೇತ, ಘನತೆ ಕೆಡದಂತೆ, ನೆಲಕ್ಕೆ ಬಂದರು. ನೆಲದ ಮೇಲೆ ಕೂತೇ ಕೇಳಿದರು: "ಎಲ್ಲಿ, ಸಾಲ ಕೊಟ್ಟು ವಾಪಸ್ ತಗೊಂಡವರು?"

"ಯಾರೂ ಕೊಡ್ಲಿಲ್ಲ ಸ್ವಾಮಿ."

"ಹಾಗಾದ್ರೆ ಸರ್ಟಿಫಿಕೇಟ್ ಹೇಗೆ ಕೊಡ್ಲಿ?"

"ಸರ್ಟಿಫಿಕೇಟಾ?" ಹೊರಗಿನಿಂದ ಮೇಷ್ಟ್ರು ಕೂಗಿದರು. "ಜಪ್ತಿ ಅಲ್ವಾ?"

"ಯಾವ ಜಪ್ತಿ? ಇವರಿಗೆ ಗ್ರಂಥಾಲಯದ ಗುತ್ತಿಗೆ ಸಿಗೋದಿದೆ" ಎಂದರು ಅಧಿಕಾರಿಗಳು.

ಕಾರಣವೇ ಇಲ್ಲದೆ ಇಡೀ ಬೀದಿ ಬಾಕಿ ತೀರಿಸಿಬಿಟ್ಟಿತ್ತು! ಇಂಥ ಅನಾಹುತ ನಮ್ಮಲ್ಲಿ ಹಿಂದೆ ನಡೆದದ್ದಿಲ್ಲ. "ನನ್ನ ಕುರ್ಚಿ ವಾಪಸ್ ಇಟ್ಕೊಳ್ಳಿ, ನನ್ನ ದುಡ್ಡು ಕೊಡಿ" ಎಂದು ಮೇಷ್ಟ್ರು ಆರಾಮಕುರ್ಚಿ ಎತ್ತಿಕೊಂಡು ಬಂದರು. ಹೆಂಡತಿ ಡಬ್ಬಿಯ ಮೇಲೆ ಕೂತುಬಿಟ್ಟಳು.

ಅವಳು ಕೂರುವ ಮುಂಚೆ ದಿನಸಿ ಅಂಗಡಿಯವನು ಡಬ್ಬಿಯೊಳಗಿನದನ್ನು ಕಂಡಿದ್ದ. ಅವನ ಮುಖ ಬೆಳಗಿತು. "ನಗದಣ್ಣ, ಮೊನ್ನೆ ಏನೋ ಸಾಲ ಕೇಳಿದ್ರಲ್ಲ? ತಗೊಳ್ಳಿ!" ಎಂದು ನೂರರ ನೋಟು ಚಾಚಿದ. ನರ್ಸಮ್ಮ, "ನನ್ನ ಹತ್ರ ತಗೊಳ್ಳಣ್ಣ, ಬಡ್ಡಿ ಬೇಡ" ಎಂದಳು. ಡಬ್ಬಿ ತುಂಬ ದುಡ್ಡಿರುವವನಿಗೆ ಸಾಲ ಕೊಡಲು ಬೀದಿಯೇ ಮುಗಿಬಿತ್ತು. ತಳ್ಳಾಟದಲ್ಲಿ ಅಗಲವೇ ಗೆದ್ದಿತು. ಅಂಗಡಿಯವನ ನೋಟು ನಗದಣ್ಣನ ಕೈ ಸೇರಿತು. ಅವನು ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸು ಚಾಚಿ, "ತೀರಿತು! ನೋಡಿದ್ರಲ್ಲ ಸ್ವಾಮಿ?" ಎಂದ.

"ಹಾಗೆಲ್ಲ ಆಗಲ್ಲ" ಎಂದರು ಅಧಿಕಾರಿಗಳು ನೆಲದಿಂದ. "ಅದು ಸಾಲ ಅಲ್ಲ, ಕೈ ಕುಲುಕಿದ್ದು. ಸಾಲ ಅಂದ್ರೆ ಒಂದು ರಾತ್ರಿಯಾದ್ರೂ ಮನೇಲಿ ಮಲಗಿ ಏಳಬೇಕು. ನಾಳೆ ವಾಪಸ್ ಕೊಟ್ಟು, ಇವರನ್ನ ಕಚೇರಿಗೆ ಕರ್ಕೊಂಡು ಬನ್ನಿ."

ಸಾಲ ಆ ರಾತ್ರಿ ತಲೆದಿಂಬಿನ ಕೆಳಗೆ ಚೆನ್ನಾಗಿಯೇ ಮಲಗಿತು. ನಗದಣ್ಣ ಮಲಗಲಿಲ್ಲ. ಬೆಳಗಾಗುತ್ತಲೇ ನೋಟು ಹಿಡಿದು ಅಂಗಡಿಗೆ ಹೋದರೆ ಅಲ್ಲಿ ಯಾವತ್ತೂ ಕಾಣದಷ್ಟು ಜನ. ಅಂಗಡಿಯವನು ತನ್ನ ಅಗಲದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಬಂದ ಬಂದವರಿಗೆಲ್ಲ, "ಕಡಲೆ ಎಷ್ಟು ಬೇಕು? ಅಂದಹಾಗೆ ನಗದಣ್ಣ ನನಗೆ ಕೊಡಬೇಕು" ಎನ್ನುತ್ತಿದ್ದ. ಕೇಳಲಿಕ್ಕೆಂದೇ ಜನ ಬರುತ್ತಿದ್ದರು. ಕೇಳಿದ ಮೇಲೆ ಸುಮ್ಮನೆ ಹೋಗಲಾರದೆ ಏನಾದರೂ ಕೊಳ್ಳುತ್ತಿದ್ದರು.

"ತಗೊಳ್ಳಿ ನಿಮ್ಮ ದುಡ್ಡು" ಎಂದ ನಗದಣ್ಣ.

"ಅಯ್ಯೋ, ಏನವಸರ? ನಿಮ್ಮ ದುಡ್ಡು ಎಲ್ಲಿ ಹೋಗುತ್ತೆ?"

"ಅವಸರ ನನಗಿದೆ. ತಗೊಂಡು ಕಚೇರಿಗೆ ಬನ್ನಿ."

"ಬರ್ತೀನಿ ಬರ್ತೀನಿ, ಮಧ್ಯಾಹ್ನ ಆಗ್ಲಿ."

ಮಧ್ಯಾಹ್ನವಾಯಿತು. ಮೂರು ಹೊಡೆಯಿತು. ನಗದಣ್ಣ ಆರನೇ ಸಲ ಬಂದಾಗ ಅಂಗಡಿಯವನು ಮನಸ್ಸು ಬಿಚ್ಚಿ ಹೇಳಿದ: "ನೋಡಿ ನಗದಣ್ಣ, ಇಷ್ಟು ವರ್ಷ ನೀವು ತಲೆ ಎತ್ಕೊಂಡು ಓಡಾಡಿದ್ರಿ, ನಾವು ತಗ್ಗಿಸ್ಕೊಂಡಿದ್ವಿ. ಇಡೀ ಬೀದಿ ನನಗೆ ಸಾಲ ಕೊಡಬೇಕು, ಯಾರಿಗೂ ನನ್ನ ಮೇಲೆ ಗೌರವ ಇಲ್ಲ. ನೀವೊಬ್ರು ಕೊಡಬೇಕು ಅಂದ ಕೂಡ್ಲೇ ನೋಡಿ, ನಿನ್ನೆಯಿಂದ ನನ್ನ ಹೆಂಡತಿ ನನ್ನನ್ನ ಬಹುವಚನದಲ್ಲಿ ಕರೀತಿದ್ದಾಳೆ. ಈ ಸಾಲ ತೀರೋದು ನನಗೆ ಬೇಡ."

"ಬೇಡ ಅಂದ್ರೆ? ತೀರಿಸೋದು ನನ್ನ ಹಕ್ಕು!"

"ತಗೊಳ್ಳದೇ ಇರೋದು ನನ್ನ ಹಕ್ಕು!"

ನಗದಣ್ಣ ನೋಟು ಹಿಡಿದು ಗಲ್ಲಾಪೆಟ್ಟಿಗೆಯತ್ತ ಹಾರಿದ. ಅಂಗಡಿಯವನು ಕಾಲಿಗೆ ಬುದ್ಧಿ ಹೇಳಿದ. ಅಷ್ಟು ದೊಡ್ಡ ದೇಹ ಅಷ್ಟು ಬೇಗ ಬಾಗಿಲು ದಾಟೀತೆಂದು ನಾವು ಯಾರೂ ಎಣಿಸಿರಲಿಲ್ಲ. ಮುಂದೆ ಅಂಗಡಿಯವನು, "ಬೇಡ! ಬೇಡ!" ಎನ್ನುತ್ತ, ಹಿಂದೆ ನಗದಣ್ಣ, ನೋಟನ್ನು ಬಾವುಟದ ಹಾಗೆ ಹಿಡಿದು, "ತಗೊಳ್ಳೋ! ನಿನ್ನ ದುಡ್ಡು ತಗೊಳ್ಳೋ!" ಎನ್ನುತ್ತ. ಅವರ ಹಿಂದೆ ಮೇಷ್ಟ್ರು, "ಬೇಡದಿದ್ರೆ ನನಗೆ ಕೊಡಿ" ಎನ್ನುತ್ತ. ಅಂಗಡಿಯವನು ಕ್ಷೌರದಂಗಡಿಗೆ ನುಗ್ಗಿ ಹಿತ್ತಲ ಬಾಗಿಲಿಂದ ಹೊರಬಂದ, ಅರ್ಧ ಕ್ಷೌರವಾಗಿದ್ದ ಗಿರಾಕಿಯೂ ಏನೆಂದು ತಿಳಿಯದೆ ಅವರ ಜೊತೆ ಓಡಿದ. ಓಡುತ್ತ ಓಡುತ್ತ ರಸ್ತೆ ಮುಗಿಯಿತು. ಮುಗಿದ ಕಡೆ ಒಂದು ಕಟ್ಟಡವಿತ್ತು. ಅಂಗಡಿಯವನು ಹಿಂದುಮುಂದು ನೋಡದೆ ಒಳಗೆ ಹೊಕ್ಕು, ಕಂಡ ಬೀರುವಿನ ಹಿಂದೆ ಅವಿತುಕೊಂಡ. ಅವಿಯಲು ಬೀರು ಸಾಕಾಗಲಿಲ್ಲ, ಎರಡು ಕಡೆಯೂ ಅವನು ಕಾಣುತ್ತಿದ್ದ. ಅದು ಕಂದಾಯ ಕಚೇರಿ.

ಅಧಿಕಾರಿಗಳು ಕಿಟಕಿಯಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ನೋಡಿದ್ದರು. ಲೋಟ ಕೆಳಗಿಟ್ಟು, "ಇಷ್ಟು ವರ್ಷದ ನೌಕರಿಯಲ್ಲಿ ಸಾಲಗಾರ ಓಡೋದನ್ನ ಬೇಕಾದಷ್ಟು ನೋಡಿದೀನಿ" ಎಂದರು. "ಸಾಲ ಕೊಟ್ಟೋನು ಓಡೋದನ್ನ ಇವತ್ತೇ ನೋಡಿದ್ದು." ಬೀರುವಿನ ಕಡೆ ತಿರುಗಿ ಕೇಳಿದರು: "ಇವರಿಗೆ ಸಾಲ ಕೊಟ್ಟಿದ್ದು ನಿಜಾನಾ?"

"ನಿಜ ಸ್ವಾಮಿ" ಎಂದಿತು ಬೀರು, ಹೆಮ್ಮೆಯಿಂದ.

"ವಾಪಸ್ ಕೊಟ್ರಾ?"

"ಬೆಳಗಿಂದ ಕೊಡ್ತಾನೇ ಇದ್ದಾರೆ. ನಾನೇ ತಗೊಳ್ತಾ ಇಲ್ಲ."

ಅಧಿಕಾರಿಗಳು ನಿಯಮದ ಪುಸ್ತಕ ತೆಗೆದರು, ಸ್ವಲ್ಪ ಓದಿದರು, ಮುಚ್ಚಿದರು. "ತೀರಿಸಿದ್ದಾರಾ ಅಂತ ನಿಯಮ ಕೇಳಲ್ಲ. ತೀರಿಸೋ ತಾಕತ್ತಿದೆಯಾ ಅಂತ ಕೇಳುತ್ತೆ. ಸಾಲ ಕೊಟ್ಟೋನನ್ನ ಅರ್ಧ ಊರು ಅಟ್ಟಿಸ್ಕೊಂಡು ಬಂದು ಬೀರು ಹಿಂದೆ ಸೇರಿಸೋದಕ್ಕಿಂತ ದೊಡ್ಡ ತಾಕತ್ತು ಇನ್ನೇನು ಬೇಕು?" ಎಂದು ಸಹಿ ಹಾಕಿ, ಮೊಹರು ಒತ್ತಿ, ಕಾಗದವನ್ನು ಕೈಗೆ ಕೊಡದೆ ಹಿಡಿದುಕೊಂಡರು. "ಶುಲ್ಕ ನೂರು."

ನಗದಣ್ಣ ಜೇಬು ತಡಕಿದ. ಡಬ್ಬಿ ಮನೆಯಲ್ಲಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಗ್ರಂಥಾಲಯಕ್ಕೆ ಹತ್ತು ನಿಮಿಷದ ದಾರಿ. ಕೈಯಲ್ಲಿದ್ದದ್ದು ಒಂದೇ ನೋಟು, ಬೆವರಿಗೆ ಒದ್ದೆಯಾಗಿ ಮುದುಡಿದ್ದು.

"ಕಟ್ಟಿ ನಗದಣ್ಣ, ಕಟ್ಟಿಬಿಡಿ!" ಎಂದು ಬೀರು ಕೂಗಿತು.

ಅವನು ಆ ನೋಟನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ನಿಜವಾಗಿಯೂ ಪಾಪ ಅನ್ನಿಸಿತು. ಜೀವಮಾನವಿಡೀ ಜತನವಾಗಿ ಕಾಪಾಡಿಕೊಂಡು ಬಂದದ್ದು ಒಂದು ನಿಮಿಷದಲ್ಲಿ ಕೈಬಿಟ್ಟು ಹೋಗುವುದಿತ್ತು. ಕಣ್ಣು ಮುಚ್ಚಿ ನೋಟನ್ನು ಮೇಜಿನ ಮೇಲಿಟ್ಟ, ಸರ್ಟಿಫಿಕೇಟು ಕಿತ್ತುಕೊಂಡು ಓಡಿದ. ಸಾಲ ತೀರಿಸಬಲ್ಲ ಎಂಬ ಪತ್ರ ಸಾಲದ ದುಡ್ಡಿನಲ್ಲಿ ಬಂತು.

ಗ್ರಂಥಾಲಯದ ಬಾಗಿಲು ಎಳೆಯುತ್ತಿದ್ದ ಜವಾನನ ತೋಳಿನ ಸಂದಿಯಿಂದ ತೂರಿ ಕಾಗದ ಕೊಟ್ಟ. ಗುತ್ತಿಗೆ ಸಿಕ್ಕಿತು. ಹಸಿರು ಟೊಪ್ಪಿಯನ್ನು ಅವನ ಹೆಂಡತಿ ಗೂಟಗಳನ್ನು ಹಾಕಿಡಲು ಇಟ್ಟುಕೊಂಡಳು. ಗಟ್ಟಿ ಬಟ್ಟೆ, ಚೆನ್ನಾಗಿ ಬಾಳಿಕೆ ಬಂತು.

ಮಾರನೆಯ ಬೆಳಗ್ಗೆ ನಗದಣ್ಣ ಡಬ್ಬಿಯಿಂದ ಹೊಸ ನೂರರ ನೋಟು ತೆಗೆದುಕೊಂಡು ಅಂಗಡಿಗೆ ಬಂದ. ನಾವೆಲ್ಲ ದಾರಿ ಬಿಟ್ಟು ನಿಂತೆವು, ಮತ್ತೆ ಓಟ ಶುರುವಾದರೆ ಅಡ್ಡ ಆಗಬಾರದಲ್ಲ. ಅಂಗಡಿಯವನು ಆಗಲೇ ಎದ್ದು ಹಿಂದಿನ ಬಾಗಿಲಿಗೆ ಕೈ ಹಾಕಿದ್ದ. ಆದರೆ ನಗದಣ್ಣ ಓಡಲಿಲ್ಲ. ಹಿಂದಿನ ದಿನದ ಓಟಕ್ಕೆ ಅವನ ಮೊಣಕಾಲು ಎರಡೂ ಬಾತುಕೊಂಡಿದ್ದವು. ಖಾಲಿಯಾಗಿದ್ದ ಅಗಲದ ಕುರ್ಚಿಯನ್ನು ನೋಡಿದ, ನೋಟನ್ನು ಮಡಿಸಿ ಜೇಬಿನೊಳಗೆ ಇಟ್ಟ. ಆಮೇಲೆ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತುಬಿಟ್ಟ.

ಅಂಗಡಿಯವನು ಹಿಡಿದಿದ್ದ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ.

"ನಗದಣ್ಣ" ಎಂದ ಅಂಗಡಿಯವನು, ಭಯದಿಂದಲೇ. "ಅದು ನನ್ನ ಕುರ್ಚಿ."

"ಗೊತ್ತು. ಹೇಗೂ ನಿಮಗೆ ಕೊಡಬೇಕಲ್ಲ, ಕೂತಿದ್ದರ ಋಣಾನೂ ಸೇರಿಸ್ಕೊಳ್ಳಿ."

ಅವನು ಹಿಂದಕ್ಕೆ ಒರಗಿದ. ಬೆತ್ತ ಸಣ್ಣಗೆ ಸದ್ದು ಮಾಡಿ ಅವನ ಭಾರವನ್ನು ಹಿಡಿದುಕೊಂಡಿತು. ಅವನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದ, ಅಂಗೈಯಿಂದ ಹೆಣಿಗೆಯನ್ನು ಸವರಿದ, ಕಣ್ಣು ಅರೆ ಮುಚ್ಚಿ ಸುಮ್ಮನೆ ಕೂತಿದ್ದ. ಎಷ್ಟೋ ಹೊತ್ತಿನ ಮೇಲೆ ನಮ್ಮ ಕಡೆ ತಿರುಗಿ, ಯಾರೋ ಬೇರೆಯವರ ಕೆಲಸವನ್ನು ಮೆಚ್ಚಿಕೊಂಡವನ ಹಾಗೆ ಕೇಳಿದ:

"ಚೆನ್ನಾಗಿ ಹೆಣೆದಿದೀನಿ, ಅಲ್ವಾ?"